ಮೂಕಜೀವಿಯ ನೋವು ಮತ್ತು ನಮ್ಮ ನಿರ್ಧಾರ

ನಿಮ್ಮ ಮನೆಯ ಬೆಕ್ಕು ಕೆಲವು ವಾರಗಳಿಂದ ಸರಿಯಾಗಿ ತಿನ್ನುತ್ತಿಲ್ಲ, ಮೈ ಇಳಿದಿದೆ, ಒಸಡು ಬಿಳಿಚಿಕೊಂಡಿದೆ ಎಂದು ಭಾವಿಸೋಣ. ಪಶುವೈದ್ಯರಲ್ಲಿಗೆ ಕೊಂಡೊಯ್ಯುತ್ತೀರಿ. ರಕ್ತ ಪರೀಕ್ಷಿಸಿದ ವೈದ್ಯರು, ಇದಕ್ಕೆ ವೈರಸ್ ಸೋಂಕಿದೆ, ಬೇರುಸಹಿತ ಕೀಳುವ ಔಷಧವಿಲ್ಲ ಎನ್ನುತ್ತಾರೆ. ಮನೆಗೆ ಬಂದೊಡನೆ ಮಗಳು, ಎಷ್ಟು ಖರ್ಚಾದರೂ ಉಳಿಸಲೇಬೇಕು ಎಂದು ಅಳುತ್ತಾಳೆ. ಅಜ್ಜಿ, ಬೆಕ್ಕಿಗೂ ಡ್ರಿಪ್ ಹಾಕಿಸುವ ಕಾಲ ಬಂತೇ ಎಂದು ನಗುತ್ತಾರೆ. ತಂದೆ ಏನೂ ಮಾತನಾಡದೆ ಗೋಣಿಚೀಲ ಹುಡುಕುತ್ತಾರೆ. ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟುಬಂದರೆ ಹೇಗೋ ಬದುಕಿಕೊಳ್ಳುತ್ತದೆ ಎಂಬುದು ಅವರ ಸಮಾಧಾನ.

ಈ ಮೂವರಲ್ಲಿ ಯಾರದು ಸರಿ? ಪ್ರಶ್ನೆ ಕ್ಷುಲ್ಲಕವೆಂದು ಪುಟ ಮಗುಚಬೇಡಿ. ತನ್ನ ನೋವನ್ನು ಹೇಳಿಕೊಳ್ಳಲಾರದ, ಚಿಕಿತ್ಸೆಗೆ ಒಪ್ಪಲೂ ನಿರಾಕರಿಸಲೂ ಬಾರದ ಜೀವವೊಂದರ ಪರವಾಗಿ ನಿರ್ಧರಿಸುವಾಗ, ನಾವು ನಿಜವಾಗಿ ಯಾರ ಹಿತವನ್ನು ನೋಡುತ್ತಿದ್ದೇವೆ ಎಂಬುದು ಚೆನ್ನಾಗಿಯೇ ಬಯಲಾಗುತ್ತದೆ.

ಶ್ರೀಗ್ರಂಥದಲ್ಲಿ ಬೆಕ್ಕಿನ ಪ್ರಸ್ತಾಪ ಇಲ್ಲವೆಂಬಷ್ಟು ಕಡಿಮೆ. ಬಾರೂಕನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ವಿಗ್ರಹಗಳ ಮೇಲೆ ಬಂದು ಕೂರುವ ಜೀವಿಗಳ ಸಾಲಿನಲ್ಲಿ ಅದೊಮ್ಮೆ ಸುಳಿಯುತ್ತದೆ, ಅಷ್ಟೆ. ಆದರೆ ಸಾಕುಪ್ರಾಣಿಯ ಮಾತು ಅಲ್ಲಿ ಧಾರಾಳವಾಗಿದೆ. ನೀತಿವಂತನು ತನ್ನ ಪಶುವಿನ ಪ್ರಾಣದ ಬಗ್ಗೆ ಕಾಳಜಿ ವಹಿಸುತ್ತಾನೆಂದು ಜ್ಞಾನೋಕ್ತಿಗಳ 12ನೆಯ ಅಧ್ಯಾಯ ಹೇಳುತ್ತದೆ. ಅದೇ ಉಕ್ತಿಯ ಉತ್ತರಾರ್ಧದಲ್ಲಿ, ಕರುಣೆಯೆಂಬುದು ಕೂಡ ಕ್ರೂರವಾಗಿರಬಲ್ಲದು ಎಂಬ ಎಚ್ಚರಿಕೆಯಿದೆ. ರೋಗಿ ಬೆಕ್ಕಿನ ಮುಂದೆ ನಿಂತಾಗ ನಮಗೆ ಬೇಕಾದದ್ದು ಈ ಎರಡನೆಯ ಭಾಗವೇ ಎಂದು ನನಗನ್ನಿಸುತ್ತದೆ.

ಮೊದಲು ರೋಗವನ್ನು ತಿಳಿಯೋಣ. ಬೆಕ್ಕಿನ ಲ್ಯೂಕೇಮಿಯಾ ವೈರಸ್ಸನ್ನು 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ ಮತ್ತು ಸಂಗಡಿಗರು ಪತ್ತೆಹಚ್ಚಿದರು. ಅದು ಎಂಜಲಿನಿಂದ, ಒಂದೇ ಬಟ್ಟಲಿನಲ್ಲಿ ತಿನ್ನುವುದರಿಂದ, ಒಂದನ್ನೊಂದು ನೆಕ್ಕುವುದರಿಂದ, ತಾಯಿಯಿಂದ ಮರಿಗೆ ಹರಡುತ್ತದೆ. ರಕ್ತಹೀನತೆ, ಕ್ಯಾನ್ಸರ್ ಅದರ ಮುಖ್ಯ ಪರಿಣಾಮಗಳು. ಸೋಂಕು ದೇಹದಲ್ಲಿ ಬೇರುಬಿಟ್ಟ ಬೆಕ್ಕುಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಸಾಯುತ್ತವೆ. ಎಫ್‌ಐವಿ ಎಂಬ ಎರಡನೆಯದನ್ನು 1986ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ನೀಲ್ಸ್ ಪೆಡರ್ಸನ್ ಮತ್ತು ಜಾನೆಟ್ ಯಮಾಮೊಟೊ ಗುರುತಿಸಿದರು. ಅದು ಹೆಚ್ಚಾಗಿ ಗಂಡುಬೆಕ್ಕುಗಳ ಕಾದಾಟದ ಕಡಿತದಿಂದ ಹರಡುತ್ತದೆ. 'ಬೆಕ್ಕಿನ ಏಡ್ಸ್' ಎಂಬ ಹೆಸರು ಕೇಳಿ ಮನೆಮಂದಿ ಬೆದರುವುದುಂಟು. ಇವೆರಡೂ ಮನುಷ್ಯರಿಗೆ ತಗಲುವುದಿಲ್ಲ. ಎಫ್‌ಐವಿ ಇರುವ ಎಷ್ಟೋ ಬೆಕ್ಕುಗಳು ಮನೆಯೊಳಗೆ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಹಲ್ಲು ಒಸಡುಗಳ ಹುಣ್ಣಿಗೆ ಆಗಾಗ ಮದ್ದು ಪಡೆದು, ಬಹುತೇಕ ಪೂರ್ಣಾಯುಷ್ಯವನ್ನೇ ಕಳೆಯುತ್ತವೆ.

ಆದ್ದರಿಂದ ಒಂದು ಪರೀಕ್ಷೆಯ ಫಲಿತಾಂಶವನ್ನು ಮರಣದಂಡನೆಯ ತೀರ್ಪಿನಂತೆ ಓದಬಾರದು. ಎಫ್‌ಐವಿ ಇರುವ ತಾಯಿಯ ಮರಿಯಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳಷ್ಟೇ ಇರಬಹುದು. ಆರು ತಿಂಗಳಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಲ್ಯೂಕೇಮಿಯಾದಲ್ಲಿಯೂ ಕೆಲವು ಬೆಕ್ಕುಗಳ ದೇಹವೇ ವೈರಸ್ಸನ್ನು ಅದುಮಿಡುತ್ತದೆ. ಎರಡನೆಯ ಪರೀಕ್ಷೆಯಿಲ್ಲದೆ ಏನನ್ನೂ ನಿಶ್ಚಯಿಸಲಾಗದು. ಚೀಟಿಯಲ್ಲಿ ಬರೆದ ಒಂದು ಪದಕ್ಕಾಗಿ ಆಡಿಕೊಂಡಿರುವ ಬೆಕ್ಕನ್ನು ಕೊಲ್ಲಿಸುವುದು ಅನ್ಯಾಯವೆಂದು ಪಶುವೈದ್ಯರೇ ಹೇಳುತ್ತಾರೆ.

ಇನ್ನು ಚಿಕಿತ್ಸೆ. ಮಾನವರ ಏಡ್ಸ್‌ಗೆ 1987ರಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ಪಡೆದ ಜಿಡೋವುಡಿನ್ ಔಷಧವನ್ನು ಬೆಕ್ಕುಗಳಿಗೂ ಕೊಡುತ್ತಾರೆ. ಬಾಯಿಯ ತೀವ್ರ ಉರಿಯೂತಕ್ಕೆ ಅದರಿಂದ ಗುಣ ಕಾಣಬಹುದು. ಆದರೆ ಅದೇ ಔಷಧ ರಕ್ತಹೀನತೆಯನ್ನೂ ತರಬಲ್ಲದು. ಈಗಾಗಲೇ ಬಿಳಿಚಿಕೊಂಡ ಬೆಕ್ಕಿಗೆ ಅದನ್ನು ಕೊಡುವಾಗ ಎರಡು ಸಲ ಯೋಚಿಸಬೇಕು, ಪದೇಪದೇ ರಕ್ತ ತೆಗೆಯಬೇಕು.

ಇಲ್ಲಿಯೇ ನಮ್ಮ ಮುಖ್ಯ ಪ್ರಶ್ನೆ ಎದುರಾಗುತ್ತದೆ. ಮನುಷ್ಯ ರೋಗಿಯ ವಿಷಯದಲ್ಲಿ ಧರ್ಮಸಭೆಯ ಚಿಂತಕರು ಶತಮಾನಗಳಿಂದ ಸಾಮಾನ್ಯ ಉಪಾಯ, ಅಸಾಮಾನ್ಯ ಉಪಾಯ ಎಂಬ ಭೇದವನ್ನು ಮಾಡುತ್ತ ಬಂದಿದ್ದಾರೆ. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1957ರ ನವೆಂಬರಿನಲ್ಲಿ ಅರಿವಳಿಕೆ ತಜ್ಞರನ್ನುದ್ದೇಶಿಸಿ ಮಾತನಾಡುತ್ತ ಇದನ್ನೇ ಸ್ಪಷ್ಟಪಡಿಸಿದರು: ಜೀವ ಉಳಿಸಲು ಸಾಮಾನ್ಯ ಉಪಾಯಗಳನ್ನು ಬಳಸುವುದು ಕರ್ತವ್ಯ, ವಿಪರೀತ ಭಾರವಾಗುವ ಉಪಾಯಗಳಿಗೆ ಯಾರೂ ಬದ್ಧರಲ್ಲ. ಆ ಭಾರವನ್ನು ಅಳೆಯುವವನು ಸ್ವತಃ ರೋಗಿ. ತನ್ನ ಮೊಮ್ಮಗಳ ಮದುವೆ ನೋಡಲೆಂದು ಆರು ತಿಂಗಳ ಕೀಮೋಥೆರಪಿಯನ್ನು ಸಹಿಸುವ ಅಜ್ಜನಿಗೆ ಆ ನೋವಿಗೊಂದು ಅರ್ಥವಿದೆ. ಅವನು ಅದನ್ನು ಪ್ರಾರ್ಥನೆಯಾಗಿ ಅರ್ಪಿಸಲೂ ಬಲ್ಲ. ಬೆಕ್ಕಿಗೆ ನಾಳೆಯೆಂಬುದಿಲ್ಲ. ಇಂಜೆಕ್ಷನ್ ಚುಚ್ಚುವ ಕೈ ತನ್ನ ಒಳಿತಿಗಾಗಿ ಚುಚ್ಚುತ್ತಿದೆಯೆಂದು ಅದಕ್ಕೆ ತಿಳಿಯದು. ಅದಕ್ಕೆ ಇರುವುದು ಈ ದಿನ ಮಾತ್ರ: ಇಂದು ತಿಂದೆನೇ, ಬಿಸಿಲಲ್ಲಿ ಮಲಗಿದೆನೇ, ಮೈ ನೆಕ್ಕಿಕೊಂಡೆನೇ. ಹಾಗಾದರೆ ಚಿಕಿತ್ಸೆಯ ನೋವು ಮನುಷ್ಯನಿಗಿಂತ ಅದಕ್ಕೆ ಹೆಚ್ಚು ಭಾರ. ಆ ನೋವನ್ನು ಆಶೆಯ ತಕ್ಕಡಿಯಲ್ಲಿಟ್ಟು ಹಗುರ ಮಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಆಶೆ ನಮ್ಮದು, ನೋವು ಅದರದು. ವಾಸಿಯಾಗದ ರೋಗದಲ್ಲಿ ಎರಡು ತಿಂಗಳ ಆಯುಷ್ಯವನ್ನು ಗಳಿಸಲು ಎರಡು ತಿಂಗಳೂ ಅದನ್ನು ಪೀಡಿಸುವುದು, ನನ್ನ ಎಣಿಕೆಯಲ್ಲಿ, ಕರುಣೆಯ ವೇಷದ ಸ್ವಾರ್ಥ.

ಆದರೆ ಚಿಕಿತ್ಸೆಯಿಂದ ರೋಗ ನಿಜವಾಗಿ ವಾಸಿಯಾಗುವುದಾದರೆ? ಎಫ್‌ಐಪಿ ಎಂಬ ಕಾಯಿಲೆಯ ಕಥೆ ಇಲ್ಲಿ ನೆನೆಯತಕ್ಕದ್ದು. ಬೆಕ್ಕುಗಳ ಕರುಳಿನಲ್ಲಿ ಸಾಮಾನ್ಯವಾಗಿ ಉಪದ್ರವವಿಲ್ಲದೆ ಇರುವ ಒಂದು ಕೊರೊನಾ ವೈರಸ್, ಕೆಲವೇ ಬೆಕ್ಕುಗಳಲ್ಲಿ ರೂಪ ಬದಲಿಸಿ, ಹೊಟ್ಟೆ ಎದೆಗಳಲ್ಲಿ ನೀರು ತುಂಬಿಸಿ ಕೊಲ್ಲುತ್ತದೆ. ದಶಕಗಳ ಕಾಲ ಈ ರೋಗ ಬಂದ ಬೆಕ್ಕು ಉಳಿದದ್ದು ಇಲ್ಲವೆಂದೇ ಹೇಳಬೇಕು. 2019ರಲ್ಲಿ ಅದೇ ಪೆಡರ್ಸನ್ ಮತ್ತು ಸಂಗಡಿಗರು ಜಿಎಸ್-441524 ಎಂಬ ಔಷಧದ ಫಲವನ್ನು ಪ್ರಕಟಿಸಿದರು. 31 ಬೆಕ್ಕುಗಳಲ್ಲಿ 26 ಹನ್ನೆರಡು ವಾರಗಳ ಚಿಕಿತ್ಸೆಯನ್ನು ಮುಗಿಸಿದವು. ಕೆಲವಕ್ಕೆ ರೋಗ ಮರುಕಳಿಸಿ ಮತ್ತೆ ಔಷಧ ಬೇಕಾಯಿತು. ಕಡೆಗೆ 25 ಬದುಕುಳಿದವು. 2021ರ ಬೇಸಗೆಯಲ್ಲಿ ನಮ್ಮ ಊರುಗಳಲ್ಲಿ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು ಹುಡುಕಿದ ರೆಮ್‌ಡೆಸಿವಿರ್ ನಿಮಗೆ ನೆನಪಿರಬಹುದು. ಅದು ದೇಹದಲ್ಲಿ ಒಡೆದಾಗ ರಕ್ತದಲ್ಲಿ ಕಾಣುವ ಮುಖ್ಯ ಪದಾರ್ಥವೇ ಈ ಔಷಧ.

84 ದಿನ, ದಿನಕ್ಕೊಂದು ಇಂಜೆಕ್ಷನ್. ಚುಚ್ಚಿದಲ್ಲಿ ಉರಿ, ಕೆಲವೊಮ್ಮೆ ಹುಣ್ಣು. ಆದರೆ ಅದರಾಚೆ ವರ್ಷಗಳ ಆರೋಗ್ಯವಿದೆ. ಇಂಥಲ್ಲಿ ಬೆಕ್ಕಿನ ನೋವನ್ನು ನಾವು ಅದರ ಪರವಾಗಿ ಒಪ್ಪಿಕೊಳ್ಳಬಹುದು. ಮಗುವಿಗೆ ಕಹಿ ಮದ್ದು ಕುಡಿಸುವ ತಾಯಿ ಮಾಡುವುದೂ ಅದನ್ನೇ. ಈಚೆಗೆ ಮಾತ್ರೆಗಳೂ ಬಂದಿವೆ. ನೀರು ತುಂಬುವ ಬಗೆಯ ರೋಗದಲ್ಲಿ 42 ದಿನಗಳ ಮಾತ್ರೆ 84 ದಿನಗಳಷ್ಟೇ ಫಲ ನೀಡಿತೆಂದು 2024ರಲ್ಲಿ ಜರ್ಮನಿಯ ಮ್ಯೂನಿಕ್‌ನ ತಜ್ಞರು ತೋರಿಸಿದ್ದಾರೆ. ಹಲವು ವರ್ಷ ಈ ಔಷಧ ಅನೇಕ ದೇಶಗಳಲ್ಲಿ ಕಾಳಸಂತೆಯಲ್ಲಿ ಮಾತ್ರ ದೊರೆಯುತ್ತಿತ್ತು. ಬ್ರಿಟನ್ನಿನಲ್ಲಿ 2021ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಪಶುವೈದ್ಯರ ಮೂಲಕ ಪಡೆಯುವ ನೇರ ದಾರಿ ತೆರೆಯಿತು. ಹೆಸರಿಲ್ಲದ ಸೀಸೆಯನ್ನು ವೈದ್ಯರ ಕಣ್ಣು ತಪ್ಪಿಸಿ ತರಿಸಿ ಚುಚ್ಚುವುದು, ಪ್ರೀತಿಯಿಂದಲೇ ಆದರೂ, ಬೆಕ್ಕಿನ ಜೀವದೊಡನೆ ಆಡುವ ಜೂಜು.

ಹಣದ ಮಾತು ಬಂದೇ ಬರುತ್ತದೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2418ನೆಯ ಪರಿಚ್ಛೇದದಲ್ಲಿ ಎರಡೂ ಬದಿಯನ್ನು ಒಟ್ಟಿಗೇ ಇಡುತ್ತದೆ: ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು, ಸಾಯಿಸುವುದು ಮಾನವ ಘನತೆಗೆ ತಕ್ಕುದಲ್ಲ, ಮನುಷ್ಯರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ತಕ್ಕುದಲ್ಲ. ಮನೆಯ ಕೆಲಸದಾಕೆ ಮಗುವಿನ ಶಸ್ತ್ರಚಿಕಿತ್ಸೆಗೆ ಸಾಲ ಕೇಳಿದಾಗ ಇಲ್ಲವೆಂದು, ಮರುವಾರ ಬೆಕ್ಕಿಗಾಗಿ ಸಾವಿರಾರು ರೂಪಾಯಿ ತೆತ್ತರೆ ಆ ಕುಟುಂಬ ತನ್ನನ್ನು ತಾನೇ ಕೇಳಿಕೊಳ್ಳಬೇಕಾದದ್ದಿದೆ. ಆದರೆ ಬಡವರ ಹೆಸರು ನಮಗೆ ನೆನಪಾಗುವುದು ಬೆಕ್ಕಿನ ಔಷಧದ ಮುಂದೆ ಮಾತ್ರ ಎಂಬುದೂ ವಿಚಿತ್ರವೇ; ಹಬ್ಬದ ಊಟದ, ಪಟಾಕಿಯ ಲೆಕ್ಕ ಬರೆಯುವಾಗ ಅವರು ಏಕೋ ಬರುವುದೇ ಇಲ್ಲ! ನಾತಾನ ಪ್ರವಾದಿ ದಾವೀದ ಅರಸನಿಗೆ ಹೇಳಿದ ಕಥೆಯಲ್ಲಿ, ತನ್ನ ಬಟ್ಟಲಿನಿಂದ ಉಣಿಸಿ, ಮಗಳಂತೆ ಮಡಿಲಲ್ಲಿ ಮಲಗಿಸಿಕೊಂಡು ಕುರಿಮರಿಯನ್ನು ಸಾಕಿದವನು ಬಡವನೇ. ಆ ಒಲವನ್ನು ಪ್ರವಾದಿ ಹಾಸ್ಯ ಮಾಡಲಿಲ್ಲ.

ಬೆಕ್ಕಿನ ನೋವು ಮಿತಿಮೀರಿದಾಗ ವೈದ್ಯರ ಕೈಯಲ್ಲಿ ನೋವಿಲ್ಲದ ಮರಣ ಕೊಡಿಸುವುದು ಪಾಪವಲ್ಲ. ಆಗ ಮಕ್ಕಳು ಕೇಳುತ್ತಾರೆ: ಬೆಕ್ಕಿಗೆ ಸರಿಯಾದದ್ದು ಹಾಸಿಗೆ ಹಿಡಿದ ಅಜ್ಜಿಗೆ ಏಕೆ ಸರಿಯಲ್ಲ? ಈ ಪ್ರಶ್ನೆಯನ್ನು ಗದರಿಸಿ ತಳ್ಳಬೇಡಿ. ಪ್ರಾಣಿಯನ್ನು ದೇವರು ನಮ್ಮ ಪಾಲನೆಗೆ ಒಪ್ಪಿಸಿದ್ದಾನೆ; ಮನುಷ್ಯನ ಜೀವ ಯಾರ ವಶಕ್ಕೂ ಕೊಟ್ಟದ್ದಲ್ಲ. ಅಜ್ಜಿ ತನ್ನ ಕೊನೆಯ ದಿನಗಳಲ್ಲಿಯೂ ಕ್ಷಮಿಸಬಲ್ಲರು, ಹರಸಬಲ್ಲರು, ಪ್ರಾರ್ಥಿಸಬಲ್ಲರು. ಇದನ್ನು ಮಕ್ಕಳು ನಂಬಬೇಕಾದರೆ ಅಜ್ಜಿಯ ಹಾಸಿಗೆಯ ಬಳಿ ನಾವು ಕುಳಿತಿರುವುದನ್ನು ಅವರು ಕಂಡಿರಬೇಕು.

ಗೋಣಿಚೀಲದ ವಿಷಯ ಉಳಿಯಿತು. ಲ್ಯೂಕೇಮಿಯಾ ಇರುವ ಬೆಕ್ಕನ್ನು ಮೀನು ಮಾರುಕಟ್ಟೆಯಲ್ಲಿ ಬಿಟ್ಟರೆ ಅದು ಹಸಿದು, ನಾಯಿಗಳಿಗೆ ಅಂಜಿ ಸಾಯುತ್ತದೆ. ಸಾಯುವ ಮುನ್ನ ಅಲ್ಲಿನ ಬೆಕ್ಕುಗಳಿಗೆಲ್ಲ ರೋಗ ಹಂಚುತ್ತದೆ. ಅದನ್ನು ಮನೆಯಲ್ಲೇ, ಬೇರೆ ಬೆಕ್ಕುಗಳಿಂದ ದೂರವಿಡಿ. ಇನ್ನೊಂದು ಬೆಕ್ಕಿದ್ದರೆ ಅದನ್ನು ಪರೀಕ್ಷಿಸಿ ಲಸಿಕೆ ಹಾಕಿಸಿ. ಮೀನಿನ ಸಾರನ್ನು ಬೆಚ್ಚಗೆ ಮಾಡಿ ಬೆರಳಿನಿಂದ ನೆಕ್ಕಿಸಿ. ತಿನ್ನುವುದನ್ನೂ ಮೈ ನೆಕ್ಕಿಕೊಳ್ಳುವುದನ್ನೂ ಬಿಟ್ಟು, ಮಂಚದಡಿಯಿಂದ ಹೊರಬರದಾದಾಗ ವೈದ್ಯರನ್ನು ಕರೆಸಿ. ಅವರು ಸೂಜಿ ಹಿಡಿದಾಗ ಹಗ್ಗದಿಂದಲ್ಲ, ಪರಿಚಯದ ಕೈಗಳಿಂದ ಅದನ್ನು ಹಿಡಿದಿರಿ. ಮುಗಿಯುವ ತನಕ ಹೊರಗೆ ಹೋಗಬೇಡಿ.