ತಿದ್ದಿದ ಅಂಕಿ

ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಬಾಲಕನು ಮಾಡುವ ಮೊದಲ ಕೆಲಸಗಳಲ್ಲಿ ನಿತ್ಯೋಪಯೋಗದ ವಸ್ತುವೊಂದರ ಸಾಂದ್ರತೆಯನ್ನು ಕಂಡುಹಿಡಿಯುವುದೂ ಒಂದು. ಅವನು ಒಂದು ಹಿಡಿ ಕಬ್ಬಿಣದ ಮೊಳೆಗಳನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಗೆರೆಗಳುಳ್ಳ ಗಾಜಿನ ಜಾಡಿಯ ನೀರಿನಲ್ಲಿ ಅವನ್ನು ಮುಳುಗಿಸಿ ನೀರು ಎಷ್ಟು ಏರಿತೆಂಬುದನ್ನು ನೋಡುತ್ತಾನೆ. ಬಳಿಕ ತೂಕವನ್ನು ಗಾತ್ರದಿಂದ ಭಾಗಿಸುತ್ತಾನೆ. ತೂಕವು 39 ಗ್ರಾಂ, ನೀರಿನ ಏರಿಕೆಯು 5.5 ಘನ ಸೆಂಟಿಮೀಟರು ಆದರೆ ಉತ್ತರವು ಸುಮಾರು 7.1 ಆಗುತ್ತದೆ. ಪುಸ್ತಕದಲ್ಲಿಯಾದರೋ ಇಂತಹ ಕಬ್ಬಿಣಕ್ಕೆ ಸುಮಾರು 7.8 ಎಂದಿದೆ. ಬಾಲಕನು ಕ್ಷಣಕಾಲ ಯೋಚಿಸಿ, 5.5 ಎಂಬುದನ್ನು ಅಳಿಸಿ 5 ಎಂದು ಬರೆಯುತ್ತಾನೆ. ಉತ್ತರವು ಸರಿಹೋಯಿತು, ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ. ಹಾಗಾದರೆ ಇದು ದೋಷವೆ?

ದೋಷವಲ್ಲವೆನ್ನುವವರ ವಾದವು ಸುಲಭವಾಗಿ ತಳ್ಳಿಹಾಕತಕ್ಕುದಲ್ಲ. ಕಬ್ಬಿಣದ ಸಾಂದ್ರತೆಯನ್ನು ಲೋಕವು ಎಂದೋ ಅರಿತಿದೆ. ಶಾಲೆಯ ಹಳೆಯ ಜಾಡಿಯು ಅದನ್ನು ಬದಲಾಯಿಸಲಾರದು. ತಪ್ಪಾದ ಅಂಕಿಯನ್ನು ಸರಿಯಾದ ಅಂಕಿಗೆ ತಿದ್ದಿದವನು ಸತ್ಯದ ಕಡೆಗೇ ನಡೆದಂತಾಗಲಿಲ್ಲವೆ ಎಂದು ಅವರು ಕೇಳಬಹುದು.

ಇಲ್ಲಿ ಎರಡು ಸತ್ಯಗಳನ್ನು ಬೇರೆಬೇರೆಯಾಗಿ ನೋಡಬೇಕು. ಕಬ್ಬಿಣದ ಗುಣವೇನೆಂಬುದು ಒಂದು. ಈ ದಿನ ಈ ಜಾಡಿಯಲ್ಲಿ ನೀರು ಎಲ್ಲಿ ನಿಂತಿತೆಂಬುದು ಇನ್ನೊಂದು. ಮೊದಲನೆಯದಕ್ಕೆ ಸಾವಿರ ಪುಸ್ತಕಗಳು ಸಾಕ್ಷಿ. ಎರಡನೆಯದಕ್ಕೆ ಆ ಬಾಲಕನ ಕಣ್ಣೊಂದೇ ಸಾಕ್ಷಿ. ಆ ಸಾಕ್ಷಿಯು ಸುಳ್ಳಾಡಿದರೆ ತಿದ್ದುವವರು ಬೇರೆ ಯಾರೂ ಇಲ್ಲ. ಅಳಿಸಿಹೋದ ಅರ್ಧಕ್ಕೆ ಕಾರಣವೂ ಇದ್ದಿರಬಹುದು: ಮೊಳೆಗಳ ಸಂದುಗಳಲ್ಲಿ ಗಾಳಿಯ ಗುಳ್ಳೆಗಳು ಅಂಟಿಕೊಂಡು ನೀರನ್ನು ಹೆಚ್ಚಾಗಿ ಏರಿಸಿರಬಹುದು. ಅಂಕಿಯು ಅಳಿದೊಡನೆ ಆ ಪ್ರಶ್ನೆಯೂ ಅಳಿಯಿತು.

ಇಂತಹ ಅಲ್ಪವಾದೊಂದು ಗುಳ್ಳೆಯ ವೃತ್ತಾಂತವು ವಿಜ್ಞಾನದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. 1785ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶನು ಗಾಳಿಯಲ್ಲಿ ವಿದ್ಯುತ್ತಿನ ಕಿಡಿಗಳನ್ನು ಹಾಯಿಸಿ, ಅದರಲ್ಲಿದ್ದ ಸಾರಜನಕವನ್ನೆಲ್ಲ ಹೀರಿಸಿದ ಮೇಲೆ, ಒಂದು ಪುಟ್ಟ ಗುಳ್ಳೆಯು ಮಾತ್ರ ಉಳಿಯಿತು. ಅದು ಸಾರಜನಕದ 120ರಲ್ಲಿ ಒಂದು ಪಾಲನ್ನು ಮೀರದಷ್ಟು ಅಲ್ಪ. ಅದು ಏನೆಂದು ಅವನಿಗೆ ತಿಳಿಯಲಿಲ್ಲ. ಆದರೂ ಕಂಡುದನ್ನು ಕಂಡಂತೆ ಬರೆದಿಟ್ಟನು. 1892ರಲ್ಲಿ ಲಾರ್ಡ್ ರ‍್ಯಾಲೆಯು ಗಾಳಿಯಿಂದ ಪಡೆದ ಸಾರಜನಕವು ಅಮೋನಿಯದಿಂದ ಪಡೆದುದಕ್ಕಿಂತ ತುಸು ಭಾರವಾಗಿರುವುದನ್ನು ಕಂಡನು. ಮುಂದಿನ ಪ್ರಯೋಗಗಳಲ್ಲಿ ಆ ವ್ಯತ್ಯಾಸವು ಸುಮಾರು 200ರಲ್ಲಿ ಒಂದು ಪಾಲಾಯಿತು. ಅವನು ಅದನ್ನು ಮುಚ್ಚಿಡದೆ ಪತ್ರಿಕೆಯಲ್ಲಿ ಪ್ರಕಟಿಸಿ, ಕಾರಣವನ್ನು ತಿಳಿಸಿರೆಂದು ಇತರರನ್ನೇ ಕೇಳಿದನು. 1894ರಲ್ಲಿ ಅವನೂ ವಿಲಿಯಂ ರ‍್ಯಾಮ್ಸೆಯೂ ಗಾಳಿಯಲ್ಲಿ ಅಡಗಿದ್ದ ಆರ್ಗಾನ್ ಎಂಬ ಹೊಸ ಅನಿಲವನ್ನು ಲೋಕಕ್ಕೆ ಸಾರಿದರು. ಕ್ಯಾವೆಂಡಿಶನ ಗುಳ್ಳೆಯ ಅರ್ಥವು ಹೀಗೆ 109 ವರ್ಷಗಳ ತರುವಾಯ ಹೊರಬಿದ್ದಿತು.

ಆದರೆ ಪ್ರಾಮಾಣಿಕತೆಗೆ ಫಲವುಂಟೆಂಬುದೇ ಈ ಕಥೆಯ ನೀತಿಯೆಂದು ತಿಳಿಯಲಾಗದು. ಹಾಗೆ ತಿಳಿಯುವುದು ಸತ್ಯವನ್ನು ವ್ಯಾಪಾರಕ್ಕಿಳಿಸಿದಂತೆ. ಬಾಲಕನ ಮೊಳೆಗಳ ನಡುವೆ ಇರುವುದು ಬರಿಯ ಗಾಳಿ. ಅಲ್ಲಿ ಯಾವ ನೂತನ ಧಾತುವೂ ಅಡಗಿಲ್ಲ. ರ‍್ಯಾಲೆಗೆ 1904ರಲ್ಲಿ ನೊಬೆಲ್ ಬಹುಮಾನವು ಬಂದಿತು, ನಿಜ. ಆದರೆ ಕ್ಯಾವೆಂಡಿಶನು ತನ್ನ ಗುಳ್ಳೆಯ ರಹಸ್ಯವನ್ನರಿಯದೆಯೇ 1810ರಲ್ಲಿ ತೀರಿಕೊಂಡನು. ಬರೆಯುವ ಗಳಿಗೆಯಲ್ಲಿ ಇಬ್ಬರ ಸ್ಥಿತಿಯೂ ಒಂದೇ: ಮುಂದಿರುವುದು ರತ್ನವೋ ತಮ್ಮದೇ ಕೈತಪ್ಪೋ ಅವರರಿಯರು. ಅರಿಯದೆಯೂ ಉಳಿಸಿದರೆಂಬುದರಲ್ಲಿಯೇ ಅವರ ಹಿರಿಮೆಯಿದೆ.

ಈ ವಿಷಯದಲ್ಲಿ ಹೊಣೆಯು ಬಾಲಕನೊಬ್ಬನದೇ ಅಲ್ಲ. ಪುಸ್ತಕಕ್ಕೆ ಹೊಂದುವ ಉತ್ತರಕ್ಕೆ ಮಾತ್ರ ಗುಣಾಂಕಗಳನ್ನು ಕೊಡುವ ಉಪಾಧ್ಯಾಯರೂ, ಮನೆಯಲ್ಲಿ ಆ ಗುಣಾಂಕಗಳನ್ನು ಮಾತ್ರ ವಿಚಾರಿಸುವ ತಂದೆತಾಯಿಗಳೂ ಆ ಅಂಕಿಯನ್ನು ಅಳಿಸಿದ ಕೈಗೆ ಬಲಕೊಟ್ಟವರೇ ಸರಿ. ತಿದ್ದುವುದು ಸ್ವತಃ ಪಾಪವಲ್ಲ. ಮೊದಲ ಅಂಕಿಯ ಮೇಲೆ, ಅದು ಓದಲು ಬರುವಂತೆ, ಒಂದೇ ಗೆರೆಯನ್ನೆಳೆದು, ಮೊಳೆಗಳನ್ನು ಅಲುಗಿಸಿ ಗುಳ್ಳೆಗಳನ್ನು ಬಿಡಿಸಿ, ಮತ್ತೆ ಅಳೆದು, ಎರಡನೆಯ ಅಂಕಿಯನ್ನು ಪಕ್ಕದಲ್ಲಿ ಬರೆದರೆ ಅದು ಶೋಧನೆ. ಅಳತೆಯಿಲ್ಲದೆ ಅಂಕಿಯನ್ನು ಬದಲಿಸಿದರೆ ಅದು ವಂಚನೆ. ಪುಟದ ಮೇಲೆ ಎರಡಕ್ಕೂ ಇರುವ ಅಂತರವು ಒಂದು ಗೆರೆಯಷ್ಟೇ, ಆದರೆ 7.1 ಎಂಬ ಉತ್ತರವನ್ನು ನಾಚದೆ ತೋರಿಸಬಹುದಾದ ಶಾಲೆಯಲ್ಲಿ ಮಾತ್ರ ಬಾಲಕನು ಆ ಗೆರೆಯನ್ನೆಳೆಯಲು ಕಲಿತಾನು.