ಮರುಳಶಂಕರದೇವರೂ ನಮ್ಮ ಮನೆಯ ಮಗುವೂ

ಕಳೆದ ಶ್ರಾವಣಮಾಸದಲ್ಲಿ ಪುರಾಣದ ಮಂಗಲವಾದ ಮರುದಿನ ನಾನು ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗಾಗಿ ಕಾದು ನಿಂತಿದ್ದೆನು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯಿಂದ ಬಾದಾಮಿಯ ದಾರಿ ಒಡೆಯುವ ತಾಣವದು. ಪುರಾಣಕ್ಕೆ ನಿತ್ಯವೂ ಬರುತ್ತಿದ್ದ ಒಬ್ಬ ತಾಯಿ ಏಳೆಂಟು ವರುಷದ ಮಗನ ಕೈ ಹಿಡಿದುಕೊಂಡು ಬಂದು ಶರಣೆಂದಳು. ಹುಡುಗನು ನನ್ನ ಕಡೆಗೆ ನೋಡಲಿಲ್ಲ. ಬಂದು ನಿಂತ ಪ್ರತಿಯೊಂದು ಬಸ್ಸಿನ ಹಲಗೆಯನ್ನು ಗಟ್ಟಿಯಾಗಿ ಓದುತ್ತಿದ್ದನು. ಬಾರದಿರುವ ಬಸ್ಸು ಯಾವುದು, ಅದು ಎಷ್ಟು ಹೊತ್ತಿಗೆ ಬರತಕ್ಕದ್ದೆಂಬುದನ್ನೂ ಹೇಳುತ್ತಿದ್ದನು. ತಾಯಿ ದನಿ ತಗ್ಗಿಸಿ ಕೇಳಿದಳು:

“ಗುರುಗಳ್ರೀ, ನನ್ನ ಮಗ ಕೊರಳಾಗಿನ ಶಿವದಾರಾ ಹರದ ಒಗೀತಾನ್ರೀ. ಇಬತ್ತಿ ಹಚ್ಚಿದ್ರ ಹಣಿ ತಿಕ್ಕಿ ತಿಕ್ಕಿ ರಕ್ತಾ ತರತಾನ. ಅವರಪ್ಪ ಹೊಡದೂ ನೋಡಿದ. ಲಿಂಗಾ ಕಟಗೊಳ್ಳದ ಮಗ ನಮ್ಮ ಮನ್ಯಾಗಿದ್ರ ನಮಗೇನ ಪಾಪ ಹತ್ತತೈತ್ರೀ?”

ಇಂಥ ಪ್ರಶ್ನೆಗೆ ನನ್ನಂಥ ಪಾಠಶಾಲೆಯ ಪಂಡಿತನ ಬಳಿ ಉತ್ತರ ಸಿದ್ಧವಾಗಿರುತ್ತದೆ. ಇಷ್ಟಲಿಂಗವು ಅಂಗದಿಂದ ಅಗಲಬಾರದು. ಅಗಲಿದರೆ ಪ್ರಾಣವನ್ನೇ ಬಿಡುತ್ತಿದ್ದ ಭಕ್ತರ ಕಥೆಗಳನ್ನು ನಾವೇ ಪೀಠದ ಮೇಲೆ ಕುಳಿತು ಹೇಳಿದ್ದೇವೆ. ಆ ತಾಯಿ ಕೇಳಿದ್ದೂ ಆ ಕಥೆಗಳನ್ನೇ. ಆದರೆ ಆ ಹುಡುಗನ ಹಣೆಯ ಮೇಲಿನ ಗಾಯವನ್ನು ಕಂಡ ಮೇಲೆ ಆ ಉತ್ತರವು ನನ್ನ ನಾಲಗೆಗೆ ಬರಲಿಲ್ಲ. ಬಸ್ಸು ಬಂದಿತು, ಹತ್ತಿದೆನು. “ಬರುವ ಸೋಮವಾರ ಹೇಳುತ್ತೇನಮ್ಮಾ” ಎಂದಷ್ಟೇ ಹೇಳಿ ತಪ್ಪಿಸಿಕೊಂಡೆನು. ಈ ಲೇಖನವು ಆ ವಾರದ ಚಿಂತನೆಯ ಫಲವಾಗಿದೆ.

ಆ ಬಾಲಕನಿಗಿರುವುದನ್ನು ವೈದ್ಯರು ಆಟಿಸಂ ಎನ್ನುವರು. ಕನ್ನಡದಲ್ಲಿ ಸ್ವಲೀನತೆಯೆಂಬ ಶಬ್ದವನ್ನು ಟಂಕಿಸಿದ್ದಾರೆ. ತನ್ನಲ್ಲಿಯೇ ಲೀನನಾದವನು ಸ್ವಲೀನನು. ವ್ಯಾಕರಣಕ್ಕೆ ಶಬ್ದವು ಶುದ್ಧವಾಗಿದೆ, ಕಿವಿಗೂ ಇಂಪಾಗಿದೆ. ಲಿಂಗಶಬ್ದವನ್ನೇ ಲೀನವಾಗುವ ಅರ್ಥದಿಂದ ನಿರ್ವಚಿಸುವ ನಮಗಂತೂ ಹತ್ತಿರದ್ದೆನಿಸುತ್ತದೆ. ಆದರೆ ಶಬ್ದವು ಚೆನ್ನಾಗಿದ್ದಷ್ಟೂ ದಾರಿ ತಪ್ಪಿಸುವ ಭಯವುಂಟು. ಇಂಥ ಅನೇಕ ಮಕ್ಕಳು ಹೊರಗಿನ ಲೋಕವನ್ನು ಅರಿಯದೆ ಒಳಗೆ ಮುಳುಗಿದವರಲ್ಲ. ಹೊರಗಿನದು ಅವರೊಳಗೆ ನಮಗಿಂತ ಹೆಚ್ಚಾಗಿ ನುಗ್ಗುತ್ತದೆ. ನಮಗೆ ಕೇಳಿಸದ ಫ್ಯಾನಿನ ಸದ್ದು ಅವರಿಗೆ ಸಿಡಿಲಾಗಬಹುದು. ನಮಗೆ ಶಿವದಾರವೆನಿಸಿದ್ದು ಅವರ ಚರ್ಮಕ್ಕೆ ಮುಳ್ಳಿನ ಸರವಾಗಬಹುದು. ಶಂಖ ಜಾಗಟೆಗಳ ಜೊತೆಗೆ ಈಗಿನ ಧ್ವನಿವರ್ಧಕವೂ ಕೂಡಿದ ಪುರಾಣಮಂಟಪದಲ್ಲಿ ಕಿವಿ ಮುಚ್ಚಿಕೊಂಡು ಕಿರುಚಿದ ಮಗುವನ್ನು ನಾವು ‘ಅಶಿಸ್ತು’ ಎಂದು ಹೊರಗೆ ಕಳಿಸಿದ್ದೇವೆ. ಸತ್ಯವಾಗಿ ಹೇಳುವುದಾದರೆ, ಆ ಧ್ವನಿವರ್ಧಕವು ನನಗೂ ಸಹಿಸಲಸಾಧ್ಯವೇ. ಹೇಳುವ ಧೈರ್ಯ ನನಗಿರಲಿಲ್ಲ, ಮಗುವಿಗಿತ್ತು.

1943ರಲ್ಲಿ ಅಮೆರಿಕೆಯ ಲಿಯೋ ಕ್ಯಾನರ್ ಎಂಬ ವೈದ್ಯನು ಇಂಥ 11 ಮಕ್ಕಳ ವೃತ್ತಾಂತವನ್ನು ಬರೆದನು. ಮುಂದೆ ಕೆಲಕಾಲ ಅಲ್ಲಿಯ ವಿದ್ವಾಂಸರು, ತಾಯಿಯ ಎದೆ ತಣ್ಣಗಿದ್ದುದರಿಂದಲೇ ಮಗು ಹೀಗಾಯಿತೆಂದು ಸಾಧಿಸಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್, ಸ್ವತಃ ಇಂಥ ಮಗುವಿನ ತಂದೆ, ಆ ಮಾತನ್ನು ಖಂಡಿಸಿ ಗ್ರಂಥ ಬರೆದನು. 1977ರಲ್ಲಿ ಅವಳಿಮಕ್ಕಳ ಅಧ್ಯಯನವು ಇದು ಬಹುಮಟ್ಟಿಗೆ ಹುಟ್ಟಿನಿಂದಲೇ ಬರುವ ಮಿದುಳಿನ ರಚನಾಭೇದವೆಂದು ತೋರಿಸಿತು. ಅಲ್ಲಿ ವಿಜ್ಞಾನದ ಹೆಸರಿನಲ್ಲಿ ತಾಯಿಯ ಮೇಲೆ ಹೊರಿಸಿದ ಅಪವಾದವನ್ನೇ ಇಲ್ಲಿ ನಾವು ಪೂರ್ವಜನ್ಮದ ಕರ್ಮವೆಂಬ ಹೆಸರಿನಲ್ಲಿ ಹೊರಿಸುತ್ತಿದ್ದೇವೆ. ಎರಡು ಕಡೆಗೂ ಹೊರೆ ಹೊತ್ತವಳು ತಾಯಿಯೊಬ್ಬಳೇ! ಲಿಂಗದೀಕ್ಷೆಯಾದವನಿಗೆ ಪೂರ್ವಾಶ್ರಯವಿಲ್ಲವೆಂದು ಸಾರುವ ನಾವು, ಹಾಸಿಗೆಯಲ್ಲಿ ಮಲಗಿದ ಕೂಸಿಗೆ ಹಿಂದಿನ ಜನ್ಮವನ್ನು ಹುಡುಕಿ ಕೊಡುವುದು ಎಷ್ಟರ ಮಟ್ಟಿಗೆ ಯುಕ್ತ?

ಇನ್ನು ನಮ್ಮ ಪರಂಪರೆಯಲ್ಲಿಯೇ ಇರುವ ಒಂದು ಚರಿತ್ರೆಯನ್ನು ನೋಡೋಣ. ಶೂನ್ಯಸಂಪಾದನೆಯನ್ನು ಓದಿದವರಿಗೆಲ್ಲ ಮರುಳಶಂಕರದೇವರ ಪ್ರಸಂಗವು ತಿಳಿದೇ ಇದೆ. ದೂರದೇಶದಿಂದ ಕಲ್ಯಾಣಕ್ಕೆ ಬಂದ ಆ ಶರಣನು ಬಸವಣ್ಣನವರ ಮಹಾಮನೆಯ ಪ್ರಸಾದಕುಂಡದ ಬಳಿಯಲ್ಲಿ ಹನ್ನೆರಡು ವರುಷ ಇದ್ದನು. ಮಾತಿಲ್ಲ, ಬೆರಕೆಯಿಲ್ಲ. ಕಂಡವರು ಮರುಳನೆಂದರು; ಆ ಬಿರುದೇ ಹೆಸರಿನ ಮೊದಲಿಗೆ ಅಂಟಿಕೊಂಡಿತು. ಅಲ್ಲಮಪ್ರಭುದೇವರು ಸೊನ್ನಲಿಗೆಯ ಸಿದ್ಧರಾಮಯ್ಯನವರೊಡನೆ ಕಲ್ಯಾಣಕ್ಕೆ ದಯಮಾಡಿಸಿದಾಗ ಆತನನ್ನು ಗುರುತಿಸಿದರು. ಆಗ ಬಸವಣ್ಣನವರು ಪಟ್ಟ ಪರಿತಾಪವು ಸಾಮಾನ್ಯವಾದುದಲ್ಲ.

ಈ ಕಥೆಯನ್ನು ನಾವು ಸಾಧಾರಣವಾಗಿ ಮರುಳಶಂಕರದೇವರ ಗುಪ್ತಭಕ್ತಿಯ ಮಹಿಮೆಗಾಗಿ ಹೇಳುವೆವು. ನನಗೆ ಈಗ ಅದರಲ್ಲಿ ಬೇರೊಂದು ಕಾಣುತ್ತಿದೆ. ನಿತ್ಯ ದಾಸೋಹ ನಡೆಯುವ, ಬಂದವರನ್ನು ಹೊರಗಿನವರೆನ್ನದ ಮಹಾಮನೆಯಲ್ಲಿಯೇ, ಸಾಕ್ಷಾತ್ ಬಸವಣ್ಣನವರ ಕಣ್ಣೆದುರಿಗೇ, ಒಬ್ಬನು ಹನ್ನೆರಡು ವರುಷ ಕಾಣದೆ ಉಳಿದನು. ಉಣ್ಣಲು ಕೊರತೆಯಾಗಲಿಲ್ಲ, ಯಾರೂ ಅಟ್ಟಲೂ ಇಲ್ಲ. ಆದರೂ ಆತನು ಅಲ್ಲಿ ‘ಇದ್ದನು’ ಎನ್ನುವಂತಿಲ್ಲ. ನಮ್ಮ ಎಷ್ಟೋ ಸಭ್ಯ ಮನೆಗಳಲ್ಲಿ ಇಂಥ ಮಕ್ಕಳಿಗೆ ದೊರಕುವುದು ಇಷ್ಟೇ ಅಲ್ಲವೆ? ಹೊಟ್ಟೆಗೆ ಹಾಕುವರು, ಬಟ್ಟೆ ಕೊಡಿಸುವರು. ಬೀಗರು ಬಂದರೆ ಒಳಕೋಣೆಗೆ ಕಳಿಸುವರು.

ಮರುಳಶಂಕರದೇವರಿಗೆ ಆಟಿಸಂ ಇದ್ದಿತೆಂದು ನಾನು ಹೇಳುತ್ತಿಲ್ಲ. ಹನ್ನೆರಡನೆಯ ಶತಮಾನದ ಶರಣರಿಗೆ ಇಂದಿನ ವೈದ್ಯರ ಚೀಟಿಯನ್ನು ಅಂಟಿಸುವುದು ಅವಿವೇಕ. ನಾನು ಹೇಳುವುದು ನೋಡುವವರ ಕಣ್ಣಿನ ವಿಷಯವನ್ನು.

ಬಸವಪುರಾಣದಲ್ಲಿ ಮುಗ್ಧಭಕ್ತರೆಂಬ ಒಂದು ವರ್ಗವೇ ಇದೆ. ರುದ್ರಪಶುಪತಿಯು ಶಿವನು ವಿಷವುಂಡನೆಂದು ಪುರಾಣದಲ್ಲಿ ಕೇಳಿದನು. ಉಳಿದ ಶ್ರೋತೃಗಳು ತಲೆದೂಗಿ ಮನೆಗೆ ಹೋದರು. ಇವನು ಆ ಮಾತನ್ನು ಮಾತಿನಂತೆಯೇ ನಂಬಿದನು. ವಿಷವುಂಡವನು ಸಾಯುವನಲ್ಲವೆ? ಓಡಿಹೋಗಿ ಶಿವನಿಗೆ ವಿಷವನ್ನು ಉಗುಳೆಂದು ಗೋಗರೆದನು, ಪ್ರಾಣ ಬಿಡಲೂ ಸಿದ್ಧನಾದನು. ಶಿವನು ಅವನಿಗೆ ಅಲಂಕಾರಶಾಸ್ತ್ರದ ಪಾಠ ಹೇಳಲಿಲ್ಲ. ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಕೊರಳನ್ನು ನೋಡುತ್ತಿರುವಂತೆ ಮಾಡಿದನು. ನಮ್ಮ ತರಗತಿಗಳಲ್ಲಿ ಹೇಳಿದ್ದನ್ನು ಹೇಳಿದಂತೆಯೇ ತಿಳಿಯುವ ಒಬ್ಬಿಬ್ಬರು ಮಕ್ಕಳು ಸದಾ ಇರುವರು. ವ್ಯಂಗ್ಯ ತಿಳಿಯದು, ಸುಳ್ಳು ಹೇಳಲು ಬಾರದು. “ಬಾಯಿ ಮುಚ್ಚು” ಎಂದರೆ ಕೈಯಿಂದ ಬಾಯಿ ಮುಚ್ಚಿಕೊಳ್ಳುವರು, ಉಳಿದವರು ನಗುವರು. ನಾನೂ ನಕ್ಕಿದ್ದೇನೆ.

ಈಚೆಗೆ ಇದನ್ನೆಲ್ಲ ನರವೈವಿಧ್ಯವೆಂಬ ಹೆಸರಿನಿಂದ ಕರೆಯುತ್ತಿದ್ದಾರೆ. ಆಟಿಸಂ ಉಳ್ಳವರ ಬಳಗಗಳಲ್ಲಿಯೇ ರೂಪುಗೊಂಡ ಈ ವಿಚಾರವನ್ನು ಆಸ್ಟ್ರೇಲಿಯಾದ ಜೂಡಿ ಸಿಂಗರ್ 1998ರ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಗಿಡಮರಗಳಲ್ಲಿ ಬಗೆಗಳಿರುವಂತೆ ಮನುಷ್ಯರ ಮಿದುಳಿನಲ್ಲಿಯೂ ಬಗೆಗಳುಂಟು. ಬೇರೆಯಾದುದೆಲ್ಲ ರೋಗವಲ್ಲ ಎಂಬುದು ಅದರ ತಾತ್ಪರ್ಯ. ಅಕ್ಷರಗಳು ಅದಲುಬದಲಾಗುವ ಕಲಿಕೆಯ ತೊಡಕುಳ್ಳವರೂ, ಒಂದೆಡೆ ಗಮನ ನಿಲ್ಲದವರೂ ಈ ಗಣದವರೇ. ವಿಚಾರವು ನನಗೆ ಒಪ್ಪಿಗೆಯಾಗಿದೆ. ಆದರೆ ಇದನ್ನು ಸಂಭ್ರಮಿಸಬೇಕೆಂದು ಕೆಲವರು ಹೇಳುವಾಗ ಸ್ವಲ್ಪ ಹಿಂಜರಿಯುತ್ತೇನೆ. ನಾಲ್ಕು ವರುಷದಿಂದ ರಾತ್ರಿ ಪೂರ್ತಿ ನಿದ್ದೆ ಕಾಣದ ತಾಯಿಯ ಮುಂದೆ ಸಂಭ್ರಮದ ಮಾತನಾಡುವುದು ಹೊಟ್ಟೆ ತುಂಬಿದವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಮಾತೇ ಬಾರದ, ಮಲಮೂತ್ರದ ಪರಿವೆಯಿಲ್ಲದ, ತಲೆಯನ್ನು ಗೋಡೆಗೆ ಜಜ್ಜಿಕೊಳ್ಳುವ ಮಕ್ಕಳೂ ಇವರಲ್ಲಿರುವರು.

ಇಲ್ಲಿಯೇ ನಿಜವಾದ ತೊಡಕು ಇರುವುದು. ಬಸ್ಸಿನ ವೇಳೆಯನ್ನೆಲ್ಲ ಬಾಯಿಪಾಠ ಹೇಳುವ ಹುಡುಗನನ್ನು ಕಂಡು “ಎಂಥ ಜಾಣ!” ಎನ್ನುವೆವು. ಆ ಜಾಣ್ಮೆಗಾಗಿ ಅವನ ಉಳಿದುದನ್ನು ಕ್ಷಮಿಸುವೆವು. ಹಾಗಾದರೆ ಯಾವ ಜಾಣ್ಮೆಯೂ ಇಲ್ಲದ ಮಗುವಿನ ಗತಿಯೇನು? ಕಾಯಕವನ್ನು ಕೈಲಾಸವೆಂದು ನಂಬಿದ ನಾವು ಕಾಯಕ ಮಾಡಲಾರದವನನ್ನು ಎಲ್ಲಿ ಇರಿಸುವೆವು? ಈ ಪ್ರಶ್ನೆಯು ನನ್ನನ್ನು ಬಹಳ ಕಾಡಿತು. ಕಾಯಕವೆಂಬುದು ದುಡಿಮೆಯ ಲೆಕ್ಕವಲ್ಲ, ಭಾವಶುದ್ಧಿ ಎಂದು ಹೇಳಿ ಪಾರಾಗಬಹುದು. ಭಾವವಾದರೂ ಇದೆಯೋ ಇಲ್ಲವೋ ಎಂದು ನಮಗೆ ತೋರದ ಮಗುವಿನ ಎದುರಿಗೆ ಆ ಉತ್ತರವೂ ಸಾಲದು.

ನನಗೆ ಉತ್ತರ ದೊರಕಿದ್ದು ನಮ್ಮ ಒಂದು ಹಳೆಯ ಆಚಾರದಲ್ಲಿ. ಬಸುರಿಗೆ ಎಂಟನೆಯ ತಿಂಗಳು ತುಂಬುವಾಗ ಗರ್ಭಲಿಂಗಧಾರಣೆಯನ್ನು ಮಾಡುವ ಸಂಪ್ರದಾಯವುಂಟಷ್ಟೆ. ಗುರುವು ತಾಯಿಯ ಮೂಲಕವೇ ಕೂಸಿಗೆ ಲಿಂಗವನ್ನು ಕೊಡುವನು. ಆಗ ಆ ಕೂಸು ಗಂಡೋ ಹೆಣ್ಣೋ ತಿಳಿಯದು. ಮಾತನಾಡುವುದೋ ಇಲ್ಲವೋ ತಿಳಿಯದು. ಎಣಿಕೆ ಬರುವುದೋ, ಒತ್ತಕ್ಷರ ಓದುವುದೋ, ಒಬ್ಬರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೋ, ಯಾವ ಪರೀಕ್ಷೆಯೂ ಆಗಿಲ್ಲ. ಪರೀಕ್ಷೆಗೆ ಮೊದಲೇ ಲಿಂಗವು ಬಂದಿದೆ! ಯೋಗ್ಯತೆಯನ್ನು ನೋಡಿ ಕೊಡುವ ವಸ್ತುವಾಗಿದ್ದರೆ ಹಿರಿಯರು ಹುಟ್ಟುವವರೆಗಾದರೂ ಕಾಯುತ್ತಿದ್ದರು. ಮುಂದೆ ಮಗು ದಾರವನ್ನು ಹರಿದೊಗೆದರೆ ಹರಿದದ್ದು ದಾರವೇ ಹೊರತು ಕೊಟ್ಟದ್ದಲ್ಲ. ಶಾಸ್ತ್ರಜ್ಞರು ಬೇರೆ ಅಭಿಪ್ರಾಯಪಡಬಹುದು; ನಾನು ಇದರ ಮೇಲೆಯೇ ನಿಲ್ಲುವೆನು.

ಇಷ್ಟು ಬರೆದ ಮೇಲೆ ನನ್ನದೇ ಒಂದು ತಪ್ಪನ್ನು ಹೇಳದಿದ್ದರೆ ಲೇಖನವು ಠಕ್ಕಾಗುತ್ತದೆ. ಸುಮಾರು ಇಪ್ಪತ್ತೈದು ವರುಷಗಳ ಹಿಂದೆ, ನಾನು ಬೇರೊಂದು ಊರಿನ ಶಾಲೆಯಲ್ಲಿದ್ದಾಗ, ಒಬ್ಬ ಹುಡುಗನಿಗೆ ಓದು ಬರುತ್ತಿರಲಿಲ್ಲ. ‘ಮ’ ‘ಯ’ಗಳು ಅವನಿಗೆ ಒಂದೇ ಆಗಿ ಕಾಣುತ್ತಿದ್ದವು, ಒತ್ತಕ್ಷರ ಬಂದರೆ ಬೆವರುತ್ತಿದ್ದನು. ಆದರೆ ಒಮ್ಮೆ ಕೇಳಿದ ವಚನವನ್ನು ಮರೆಯುತ್ತಿರಲಿಲ್ಲ. ನೂರಕ್ಕೂ ಹೆಚ್ಚು ವಚನಗಳು ಅವನ ಬಾಯಲ್ಲಿದ್ದವು. ನಾನು ಅದನ್ನು ಮೊಂಡುತನವೆಂದು ಎಣಿಸಿದೆನು. ಇಷ್ಟು ನೆನಪಿರುವವನಿಗೆ ಓದಲು ಬಾರದೆಂದರೆ ಸೋಮಾರಿತನವಲ್ಲದೆ ಮತ್ತೇನು? ಎಲ್ಲರ ಮುಂದೆ ಪುಸ್ತಕ ಕೊಟ್ಟು ನಿಲ್ಲಿಸಿದೆನು, ಬೆರಳಿನ ಗಿಣ್ಣಿನ ಮೇಲೆ ರೂಲುಕಟ್ಟಿಗೆಯಿಂದ ಹೊಡೆದೆನು. ಏಳನೆಯ ಇಯತ್ತೆಯಲ್ಲಿ ಅವನು ಶಾಲೆ ಬಿಟ್ಟನು.

ವಚನವೆಂದರೆ ಆಡಿದ ಮಾತು. ಆಡಿ, ಕೇಳಿ, ನೆನಪಿನಲ್ಲಿ ಉಳಿದು, ಆಮೇಲೆ ತಾಡವೋಲೆಗೆ ಇಳಿದದ್ದು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಆ ಓಲೆಗಳನ್ನು ಕೂಡಿಹಾಕಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದ್ದರಿಂದಲೇ ನನ್ನ ಕೈಗೆ ಪುಸ್ತಕ ಬಂದಿತು. ಆ ಪುಸ್ತಕವನ್ನು ಹಿಡಿದು ನಾನು, ವಚನವನ್ನು ಅದರ ಮೂಲರೂಪದಲ್ಲಿಯೇ ಧರಿಸಿದ್ದ ಹುಡುಗನನ್ನು ಹೊಡೆದೆನು. ಈಗ ಅವನು ಮಂಗಳೂರಿನ ಕಡೆಗೆ ಗೌಂಡಿ ಕೆಲಸಕ್ಕೆ ಹೋಗುತ್ತಾನೆ. ಬನಶಂಕರಿ ಜಾತ್ರೆಗೆ ಬಂದಾಗ ಸಿಕ್ಕರೆ ಕಾಲು ಮುಟ್ಟಿ ನಮಸ್ಕರಿಸುತ್ತಾನೆ. ಆ ಕೈಯ ಬೆರಳುಗಳನ್ನು ನೋಡಲು ನನ್ನಿಂದಾಗುವುದಿಲ್ಲ.

1995ರ ಅಂಗವಿಕಲರ ಕಾಯಿದೆಯಲ್ಲಿ ಅವನ ತೊಡಕಿಗೆ ಹೆಸರೇ ಇರಲಿಲ್ಲ; 2016ರ ಕಾಯಿದೆಯಲ್ಲಿ 21 ಬಗೆಗಳನ್ನು ಹೇಳಿ, ಆಟಿಸಂ ಮತ್ತು ಕಲಿಕೆಯ ತೊಡಕು ಎರಡನ್ನೂ ಸೇರಿಸಿದ್ದಾರೆ. ಆದರೆ ಕಾಯಿದೆಗೆ ಮೊದಲೇ ಕಣ್ಣಿದ್ದವರು ನಮ್ಮ ನಾಡಿನಲ್ಲಿದ್ದರು. 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು ಇಬ್ಬರು ಕುರುಡು ಹುಡುಗರನ್ನು ಕಂಡು, ಇವರಿಗೇನು ಬಾರದು ಎಂದು ಕೇಳದೆ ಇವರಿಗೇನು ಬರುವುದು ಎಂದು ಕೇಳಿ ಸಂಗೀತ ಕಲಿಸಿದರು. ಅವರಲ್ಲಿ ಒಬ್ಬರು ಗಾನಯೋಗಿ ಪಂಚಾಕ್ಷರಿ ಗವಾಯಿಗಳಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಕೊಟ್ಟರು. ಕಣ್ಣಿಲ್ಲದವರಿಗೆ ಒಂದು ಮಠವು ಇಷ್ಟು ಮಾಡಿತು. ಮನಸ್ಸಿನ ಬಗೆ ಬೇರೆಯಾದವರಿಗೆ ನಮ್ಮ ಮಠಗಳ ಬಾಗಿಲು ಇನ್ನೂ ಅಷ್ಟು ಅಗಲವಾಗಿ ತೆರೆದಿಲ್ಲ.

ಸೋಮವಾರ ಆ ತಾಯಿ ಬಂದಳು, ಗಂಡನನ್ನೂ ಕರೆತಂದಿದ್ದಳು. ಪಾಪದ ಮಾತನ್ನು ಮನಸ್ಸಿನಿಂದ ತೆಗೆದುಹಾಕಲು ಹೇಳಿದೆನು. ಹೊಡೆಯುವುದನ್ನು ಇಂದಿಗೇ ನಿಲ್ಲಿಸಬೇಕೆಂದು ತಂದೆಗೆ ಆಣೆಯಿಟ್ಟೆನು. ಶಿವದಾರವನ್ನು ಕೊರಳಿಗೆ ಕಟ್ಟುವುದು ಬೇಡ. ಪೂಜೆಯ ಹೊತ್ತಿಗೆ ತಾಯಿಯ ಅಂಗೈಯಲ್ಲಿ ಲಿಂಗವಿರಲಿ, ಹುಡುಗನು ಬಂದರೆ ಬರಲಿ, ಮುಟ್ಟಿದರೆ ಮುಟ್ಟಲಿ. ಒಣ ವಿಭೂತಿ ಸೇರದಿದ್ದರೆ ನೀರಿನಲ್ಲಿ ಕಲಸಿ ಅವನ ಬೆರಳಿನಿಂದಲೇ ಹಚ್ಚಿಕೊಳ್ಳಲಿ, ಬೇಡವೆಂದರೆ ಬಿಡಲಿ. ಗಂಟೆ ಬಾರಿಸಬೇಡಿರಿ. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದು ತೋರಿಸಿ ಅಂಗವಿಕಲರ ಗುರುತಿನ ಚೀಟಿ ಮಾಡಿಸಲು, ಅದರ ಮೇಲೆ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿಯವರೆಗಿನ ಆರೋಗ್ಯವಿಮೆಗೆ ಅರ್ಜಿ ಹಾಕಲು ಹೇಳಿದೆನು. ತಂದೆಯು ಏನೂ ಮಾತನಾಡಲಿಲ್ಲ; ಹೋಗುವಾಗ ಮಗನ ಚಪ್ಪಲಿಯನ್ನು ತಾನೇ ಹುಡುಕಿ ತೊಡಿಸಿದನು.

ಶಿವರಾತ್ರಿಯ ಮರುದಿನ ಕ್ರಾಸಿನಲ್ಲಿ ಅದೇ ತಾಯಿ ಮತ್ತೆ ಸಿಕ್ಕಳು. ಹುಡುಗನು ಎಂದಿನಂತೆ ಹಲಗೆಗಳನ್ನು ಓದುತ್ತ ನಿಂತಿದ್ದನು. ಹಣೆಯ ಗಾಯ ಮಾಯ್ದಿತ್ತು, ವಿಭೂತಿಯಿರಲಿಲ್ಲ.

“ನಿನ್ನೆ ತಾನ ಬಂದು ನನ್ನ ಕೈಯಾಗಿನ ಲಿಂಗಾ ತಗೊಂಡು ಹಿಡಕೊಂಡು ಕುಂತಿದ್ದನ್ರೀ ಗುರುಗಳ. ಇದು ಪೂಜಿ ಅನಸ್ತದೇನ್ರೀ?”

“ಎಷ್ಟು ಹೊತ್ತು ಹಿಡಿದಿದ್ದನಮ್ಮಾ?” ಎಂದೆನು.

ಉತ್ತರ ಹೇಳಿದವನು ಹುಡುಗನು, ರಸ್ತೆಯ ಕಡೆಗೇ ಮುಖ ಮಾಡಿಕೊಂಡು: “ಹುಬ್ಬಳ್ಳಿ ಬಸ್ ಹೋಗಿ ಬಾದಾಮಿ ಬಸ್ ಬರೂಮಟ.”