ಕರ್ತೃತ್ವವೂ ಹೊಣೆಯೂ

ಮಾಡಿದವನಿಗೆ ಮಾಡಿದ ಕೆಲಸದ ಫಲ ಸಲ್ಲತಕ್ಕದ್ದೆಂಬುದು ಎಲ್ಲರೂ ಒಪ್ಪಿದ ಮಾತು. ಗಡಿಗೆ ಸೋರಿದರೆ ಕುಂಬಾರನನ್ನು ಕೇಳುತ್ತಾರೆ. ಗೋಡೆ ಬಿರಿದರೆ ಒಡ್ಡನನ್ನು ಕೇಳುತ್ತಾರೆ. ಆದರೆ ನೂರಾರು ಮಂದಿ ಕೂಡಿ ಮಾಡಿದ ಕಾರ್ಯವು ಕೆಟ್ಟಲ್ಲಿ ಯಾರನ್ನು ಕೇಳಬೇಕು? ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸವನ್ನು ನೆಟ್ಟಗೆ ಮಾಡಿದೆನೆಂದು ಪ್ರಮಾಣಮಾಡುವಾಗ, ಆದ ಕೇಡಿಗೆ ಕರ್ತೃವೇ ಇಲ್ಲವೆನ್ನಬಹುದೆ? ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಸ್ವೀಡನ್ ದೇಶದ ವಾಸಾ ಎಂಬ ಯುದ್ಧನೌಕೆಯ ವೃತ್ತಾಂತವು ಬಹಳ ಉಪಯುಕ್ತವಾಗಿದೆ. ಅದನ್ನು ಕಟ್ಟಿದವರು ಯಾರು, ಅವರಲ್ಲಿ ಯಾರು ಏನನ್ನು ಬಲ್ಲವರಾಗಿದ್ದರು ಎಂಬುದು ಅಂದಿನ ವಿಚಾರಣೆಯ ಬರಹಗಳಿಂದ ತಿಳಿದುಬರುತ್ತದೆ. ಆ ನೌಕೆಯಾದರೋ ಇಂದಿಗೂ ನೋಡುವವರ ಕಣ್ಣೆದುರಿಗೇ ನಿಂತಿದೆ.

ಎರಡನೆಯ ಗುಸ್ತಾವ್ ಅಡಾಲ್ಫ್ ಎಂಬ ದೊರೆಯು ಪೋಲೆಂಡಿನೊಡನೆ ಯುದ್ಧ ಹೂಡಿದ್ದ ಕಾಲವದು. 1625ರಲ್ಲಿ ಹೆನ್ರಿಕ್ ಹಿಬರ್ಟ್‌ಸನ್ ಎಂಬ ಡಚ್ ನೌಕಾಶಿಲ್ಪಿಯೂ ಅವನ ಪಾಲುಗಾರನಾದ ಅರೆಂಟ್ ಡಿ ಗ್ರೂಟನೂ ದೊರೆಗೆ ನಾಲ್ಕು ಹಡಗುಗಳನ್ನು ಕಟ್ಟಿಕೊಡುವುದಾಗಿ ಒಡಂಬಟ್ಟರು. ಅದೇ ವರ್ಷ ಬಿರುಗಾಳಿಗೆ ಸಿಕ್ಕಿ ನೌಕಾಬಲದ ಹತ್ತು ಹಡಗುಗಳು ಹಾಳಾದುದರಿಂದ, ಬೇಗ ಮುಗಿಸಬೇಕೆಂದು ದೊರೆಯ ಒತ್ತಾಯ ಹೆಚ್ಚಿತು. 1626ರಲ್ಲಿ ಸ್ಟಾಕ್‌ಹೋಮಿನ ಕಟ್ಟೆಯಲ್ಲಿ, ಹಡಗಿಗೆ ಬೆನ್ನುಮೂಳೆಯಂತಿರುವ ಅಡಿಯ ತೊಲೆಯನ್ನಿಟ್ಟು ಕೆಲಸಕ್ಕೆ ಆರಂಭಮಾಡಿದರು.

ಆ ಕಾಲದಲ್ಲಿ ಹಡಗಿಗೆ ನಕ್ಷೆಯೆಂಬುದಿರಲಿಲ್ಲ. ಉದ್ದಕ್ಕೆ ಇಷ್ಟು ಅಗಲ, ಅಗಲಕ್ಕೆ ಇಷ್ಟು ಆಳ ಎಂಬ ಪ್ರಮಾಣವು ಶಿಲ್ಪಿಯ ತಲೆಯಲ್ಲಿತ್ತು. ಅವನ ಕೈಕೆಳಗೆ ಸುಮಾರು ನಾನೂರು ಜನರು ದುಡಿದರು: ಮರ ಕೊಯ್ಯುವವರು, ಬಡಗಿಗಳು, ಕಮ್ಮಾರರು, ಹಗ್ಗ ಹೊಸೆಯುವವರು, ಹಾಯಿ ಹೊಲಿಯುವವರು, ಬಣ್ಣದವರು, ಮರದಲ್ಲಿ ಪ್ರತಿಮೆಗಳನ್ನು ಕೆತ್ತುವವರು. ಸಾವಿರಕ್ಕೂ ಮೇಲ್ಪಟ್ಟು ಓಕ್ ಮರಗಳು ಅದಕ್ಕೆ ಬೇಕಾದುವು. ಕೆಲಸ ಅರ್ಧದಲ್ಲಿರುವಾಗಲೇ ಹೆನ್ರಿಕನು ಕಾಯಿಲೆಬಿದ್ದು 1627ರಲ್ಲಿ ತೀರಿಕೊಂಡನು. ಹೈನ್ ಯಾಕೊಬ್‌ಸನ್ ಎಂಬ ಮತ್ತೊಬ್ಬ ಶಿಲ್ಪಿಯು ಉಳಿದುದನ್ನು ವಹಿಸಿಕೊಂಡನು. ಅದೇ ವರ್ಷ ಹಡಗಿನ ಒಡಲನ್ನು ನೀರಿಗಿಳಿಸಿದರು. ಬಳಿಕ ಕೂವೆಮರಗಳನ್ನು ನೆಟ್ಟು, ಎರಡು ಅಂತಸ್ತುಗಳಲ್ಲಿ ಭಾರವಾದ ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿ, ಹಡಗು ನೆಟ್ಟಗೆ ನಿಲ್ಲಲೆಂದು ಅದರ ಹೊಟ್ಟೆಯಲ್ಲಿ ಸುಮಾರು 120 ಟನ್ ಕಲ್ಲನ್ನು ತುಂಬಿದರು. ಫಿರಂಗಿಗಳ ಸಂಖ್ಯೆ 64. ಹಡಗಿನಲ್ಲಿ ದೊರೆತಿರುವ ಕೆಲಸಗಾರರ ಅಳತೆಕೋಲುಗಳಲ್ಲಿ ಕೆಲವು ಹನ್ನೆರಡು ಅಂಗುಲದ ಸ್ವೀಡಿಷ್ ಅಡಿಯವು, ಕೆಲವು ಹನ್ನೊಂದು ಅಂಗುಲದ ಆಮ್‌ಸ್ಟರ್‌ಡಾಮ್ ಅಡಿಯವು! ಒಂದೇ ಒಡಲನ್ನು ಕಟ್ಟುವವರ ಕೈಯಲ್ಲಿ ಎರಡು ಬಗೆಯ ಅಡಿಗಳಿದ್ದುವು. ಆದರೂ ತನ್ನ ಕೋಲಿನ ಮಟ್ಟಿಗೆ ಯಾವನೂ ತಪ್ಪಿದವನಲ್ಲ.

1628ರ ಬೇಸಗೆಯಲ್ಲಿ ಹಡಗು ದಡಕ್ಕೆ ಕಟ್ಟಿಕೊಂಡಿದ್ದಾಗ ಅದರ ಸ್ಥಿರತೆಯನ್ನು ಪರೀಕ್ಷಿಸಬೇಕೆಂದಾಯಿತು. ಮೂವತ್ತು ಮಂದಿ ಆಳುಗಳು ಅದರ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಟ್ಟಾಗಿ ಓಡಿದರು. ಓಡಿದಂತೆಲ್ಲ ಹಡಗು ಹೆಚ್ಚು ಹೆಚ್ಚಾಗಿ ಓಲಿತು. ಮೂರನೆಯ ಸಲಕ್ಕೆ ಅಲ್ಲಿದ್ದ ಉಪನೌಕಾಪತಿ ಕ್ಲಾಸ್ ಫ್ಲೆಮಿಂಗನು, ದಡದಲ್ಲಿಯೇ ಹಡಗು ಮಗುಚೀತೆಂದು ಹೆದರಿ, ಓಟವನ್ನು ನಿಲ್ಲಿಸಿಬಿಟ್ಟನು. ನಿಂತದ್ದು ಪರೀಕ್ಷೆ ಮಾತ್ರ, ಪ್ರಯಾಣವು ನಿಲ್ಲಲಿಲ್ಲ. ಆಗಸ್ಟ್ 10ರಂದು ನೌಕೆಯು ನಾಲ್ಕು ಹಾಯಿಗಳನ್ನೆತ್ತಿ ಹೊರಟಿತು. ಗಾಳಿಯ ಒಂದು ಬೀಸಿಗೆ ವಾಲಿತು. ತೆರೆದಿದ್ದ ಕೆಳಗಿನ ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿತು. ಸುಮಾರು 1300 ಮೀಟರು ಸಾಗುವಷ್ಟರಲ್ಲಿ, ದಡದ ಮೇಲೆ ನೆರೆದಿದ್ದವರೆಲ್ಲ ನೋಡುತ್ತಿದ್ದಂತೆಯೇ, ಅದು ಮುಳುಗಿತು. ಸುಮಾರು ಮೂವತ್ತು ಜನರು ಸತ್ತರು.

ವಿಚಾರಣೆ ನಡೆಯಿತು. ಹಡಗಿನ ನಾಯಕನನ್ನು ಹಿಡಿದು, ಕುಡಿದಿದ್ದೆಯಾ, ಫಿರಂಗಿಗಳನ್ನು ಬಿಗಿಯಾಗಿ ಕಟ್ಟಿರಲಿಲ್ಲವೆ ಎಂದು ಕೇಳಿದರು. ಎಲ್ಲವೂ ಸರಿಯಾಗಿತ್ತೆಂದು ಅವನು ಆಣೆಯಿಟ್ಟು ಹೇಳಿದನು. ತೀರಿಹೋದ ಶಿಲ್ಪಿ ಗೊತ್ತುಮಾಡಿ ದೊರೆಯು ಒಪ್ಪಿದ್ದ ಅಳತೆಯಂತೆ ಕಟ್ಟಿದೆನೆಂದು ಯಾಕೊಬ್‌ಸನ್ನನು ಹೇಳಿದನು. ಹಾಗಾದರೆ ತಪ್ಪು ಯಾರದೆಂದು ಕೇಳಿದ್ದಕ್ಕೆ, ಅದನ್ನು ದೇವರೇ ಬಲ್ಲನೆಂದು ಡಿ ಗ್ರೂಟನು ಉತ್ತರಕೊಟ್ಟನು. ಯಾರಿಗೂ ಶಿಕ್ಷೆಯಾಗಲಿಲ್ಲ. ಹೀಗೆ ಹೊಣೆಯು ಕೈಯಿಂದ ಕೈಗೆ ಸರಿದು, ಕಟ್ಟಕಡೆಗೆ ಸತ್ತವನ ಮೇಲೂ ದೇವರ ಮೇಲೂ ಬಿದ್ದಿತು. ಅವರಿಬ್ಬರೂ ಸಾಕ್ಷಿ ನುಡಿಯಲು ಬರುವವರಲ್ಲ.

ಮಹಾಭಾರತದ ಸಭಾಪರ್ವದಲ್ಲಿ ದ್ರೌಪದಿಯ ಪ್ರಶ್ನೆಗೆ ಸಭೆಯು ಉತ್ತರವೀಯದೆ ಕುಳಿತಾಗ ವಿದುರನು ಪ್ರಹ್ಲಾದನ ಕಥೆಯೊಂದನ್ನು ನೆನಪಿಗೆ ತರುತ್ತಾನೆ. ಅದರಲ್ಲಿ ಕಶ್ಯಪನು ಕೊಡುವ ನಿರ್ಣಯವಿದು: ನಿಂದಿಸತಕ್ಕುದನ್ನು ನಿಂದಿಸದಿರುವ ಸಭೆಯಲ್ಲಿ ಅಧರ್ಮದ ಅರ್ಧಭಾಗವು ಮುಖ್ಯನಾದವನಿಗೂ, ಕಾಲುಭಾಗವು ಮಾಡಿದವನಿಗೂ, ಮಿಕ್ಕ ಕಾಲುಭಾಗವು ಸುಮ್ಮನೆ ಕುಳಿತವರಿಗೂ ಸಲ್ಲುತ್ತದೆ. ನಿಂದಿಸಿದಲ್ಲಿಯಾದರೆ ಮುಖ್ಯನೂ ಸಭಿಕರೂ ದೋಷದಿಂದ ಪಾರಾಗಿ, ಪಾಪವು ಮಾಡಿದವನನ್ನೇ ಸೇರುತ್ತದೆ. ಸ್ಟಾಕ್‌ಹೋಮಿನ ನ್ಯಾಯಪೀಠಕ್ಕೆ ದೊರೆಯದ ಉತ್ತರವು ಇಲ್ಲಿ ದೊರೆಯುವಂತಿದೆ. ಬೇಗ ಹೊರಡಿಸಿರೆಂದು ಪರದೇಶದ ಪಾಳೆಯದಿಂದ ಬರೆಯುತ್ತಿದ್ದ ದೊರೆಯು ಮುಖ್ಯನು, ಕಟ್ಟಿದವರು ಕರ್ತೃಗಳು, ಓಲಾಟವನ್ನು ಕಂಡೂ ಬಾಯಿ ಬಿಡದವರು ಸಭಿಕರು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಯಾಕೊಬ್‌ಸನ್ನನು ನಡುವೆ ಬಂದವನು; ಇಟ್ಟ ತೊಲೆಯನ್ನು ಅವನು ಬದಲಿಸಲಾರನು. ಫ್ಲೆಮಿಂಗನು ದೊರೆಯ ಆಜ್ಞೆಗೆ ಒಳಪಟ್ಟವನು. ಓಡಿದ ಆಳುಗಳ ಮಾತನ್ನಂತೂ ಕೇಳುವವರಿರಲಿಲ್ಲ. ಶಕ್ತಿಯಿಲ್ಲದವನಿಗೆ ದೋಷವೆಲ್ಲಿಯದು? ಈ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಆದರೆ ತಿದ್ದಲಾರದಿರುವುದು ಬೇರೆ, ತಿಳಿಸದಿರುವುದು ಬೇರೆ. ತಿದ್ದುವ ಶಕ್ತಿಯು ಕೆಲವರಿಗೆ ಮಾತ್ರ ಇರುತ್ತದೆ. ತಿಳಿಸುವ ಶಕ್ತಿಯು ತಿಳಿದವರೆಲ್ಲರಿಗೂ ಅಷ್ಟಿಷ್ಟು ಇದ್ದೇ ಇರುತ್ತದೆ. ಅದೇ ಯಾಕೊಬ್‌ಸನ್ನನು ಕಟ್ಟಿ 1629ರಲ್ಲಿ ನೀರಿಗಿಳಿಸಿದ ಎಪ್ಲೆಟ್ ಎಂಬ ಜೊತೆಯ ನೌಕೆಯನ್ನು ವಾಸಾಕ್ಕಿಂತ ಅಗಲವಾಗಿ ಮಾಡಿದನು. ಅದು ಮೂವತ್ತು ವರ್ಷಗಳ ಕಾಲ ಬಾಳಿತು. ಮೊದಲನೆಯ ಹಡಗು ಮುಳುಗುವ ಮುಂಚೆಯೇ ಅದರ ಅಗಲವು ಸಾಲದೆಂಬುದು ಅವನಿಗೆ ಹೊಳೆದಿತ್ತೆಂದು ವಿದ್ವಾಂಸರು ಭಾವಿಸುತ್ತಾರೆ. ಹಾಗಿದ್ದಲ್ಲಿ, ಮುಂದಿನ ಹಡಗನ್ನು ತಿದ್ದಿದ ಜ್ಞಾನವು ಹಿಂದಿನ ಹಡಗನ್ನು ಹತ್ತಿದವರ ಕಿವಿಗೆ ಬೀಳಲಿಲ್ಲವೆಂದಾಯಿತು.

ಫ್ಲೆಮಿಂಗನ ವಿಷಯವು ಇನ್ನೂ ಸೂಕ್ಷ್ಮವಾದುದು. ಅಜ್ಞಾನದಿಂದ ಮಾಡಿದ ತಪ್ಪಿಗೆ ಶಾಸ್ತ್ರವೂ ಲೋಕವೂ ಕ್ಷಮೆಯನ್ನು ಕೊಡುತ್ತವೆ. ಆದರೆ ಅಜ್ಞಾನದಲ್ಲಿ ಎರಡು ಬಗೆ. ಒಂದು ತಾನಾಗಿ ಇರುವುದು; ಇನ್ನೊಂದು, ತಿಳಿದರೆ ಏನಾದರೂ ಮಾಡಬೇಕಾದೀತೆಂದು ಹೆದರಿ, ತಿಳಿಯುವ ದಾರಿಯನ್ನು ತಾನೇ ಮುಚ್ಚಿ ಸಂಪಾದಿಸಿಕೊಳ್ಳುವುದು. ಮೂರನೆಯ ಓಟದ ನಂತರ ಪರೀಕ್ಷೆಯನ್ನು ನಿಲ್ಲಿಸಿದ್ದು ತಪ್ಪಲ್ಲ. ಅಷ್ಟಕ್ಕೇ ಉತ್ತರವು ದೊರೆತಿತ್ತು. ಆ ಉತ್ತರವನ್ನು ದೊರೆಗೆ ಮುಟ್ಟಿಸುವ ಬದಲು ನಿಲ್ಲಿಸಿದ ಪರೀಕ್ಷೆಯೊಳಗೇ ಹೂತಿಟ್ಟದ್ದು ತಪ್ಪು. ಸಂಪಾದಿಸಿದ ಅಜ್ಞಾನಕ್ಕೆ ಕ್ಷಮೆಯಿಲ್ಲ.

ದೊರೆಯ ಪಾಲು ಅರ್ಧವೇಕೆಂಬುದೂ ಇದರಿಂದ ವಿಶದವಾಗುತ್ತದೆ. ಅವನು ಸುಳ್ಳು ಹೇಳೆಂದು ಯಾರಿಗೂ ಅಪ್ಪಣೆಮಾಡಲಿಲ್ಲ. ನಿಜವನ್ನು ಹೇಳುವುದು ದುಬಾರಿಯಾಗುವಂತೆ ಮಾಡಿದನು. ಅಪ್ರಿಯವಾದ ಹಿತವನ್ನು ಕೇಳಲು ಸಿದ್ಧನಿಲ್ಲದ ಒಡೆಯನ ಮುಂದೆ, ಅದನ್ನು ಹೇಳುವ ಧೈರ್ಯವಿದ್ದವನೂ ಕ್ರಮೇಣ ನಾಲಿಗೆಯನ್ನು ಕಟ್ಟಿಕೊಳ್ಳುತ್ತಾನೆ. ಮನೆಯ ಯಜಮಾನನಿಗೂ ಕಚೇರಿಯ ಅಧಿಕಾರಿಗೂ ಈ ಮಾತು ಒಪ್ಪುತ್ತದೆ.

ಆದರೂ ಅರ್ಧ, ಕಾಲು ಎಂಬ ಲೆಕ್ಕವು ನ್ಯಾಯಸಭೆಯದು; ಅಂತಃಕರಣದ ಲೆಕ್ಕ ಹಾಗಲ್ಲ. ಒಂದು ದೀಪದಿಂದ ಹತ್ತು ದೀಪ ಹಚ್ಚಿದರೆ ಪ್ರತಿಯೊಂದರಲ್ಲಿಯೂ ಉರಿಯು ಪೂರ್ಣವಾಗಿಯೇ ಇರುವಂತೆ, ಹತ್ತು ಜನರಿಗೆ ಸೇರಿದ ಹೊಣೆಯು ಹತ್ತರಲ್ಲೊಂದು ಪಾಲಾಗಿ ತೆಳುವಾಗುವುದಿಲ್ಲ. ಕೆಲಸವನ್ನು ಹಂಚಿಕೊಳ್ಳಬಹುದು, ಕಂಡ ಅಪಾಯವನ್ನು ನುಡಿಯುವ ಕರ್ತವ್ಯವನ್ನು ಹಂಚಿಕೊಳ್ಳಲು ಬಾರದು.

ವಾಸಾ ನೌಕೆಯನ್ನು 1961ರ ಏಪ್ರಿಲ್ 24ರಂದು ನೀರಿನಿಂದ ಮೇಲೆತ್ತಿದರು. 1990ರಿಂದ ಅದಕ್ಕೆಂದೇ ಸ್ಟಾಕ್‌ಹೋಮಿನಲ್ಲಿ ಕಟ್ಟಿದ ವಸ್ತುಸಂಗ್ರಹಾಲಯದಲ್ಲಿ ಅದು ನಿಂತಿದೆ. ಈಗಿನ ಹಡಗುಕಟ್ಟೆಗಳಲ್ಲಿ ನೌಕೆಯು ಪೂರ್ಣವಾಗುವ ಹೊತ್ತಿಗೆ, ಗೊತ್ತಾದ ತೂಕಗಳನ್ನು ಅದರ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸರಿಸಿ, ಅದು ಎಷ್ಟು ವಾಲುವುದೆಂಬುದನ್ನು ಅಳೆದು, ಅದರ ಸ್ಥಿರತೆಯನ್ನು ಲೆಕ್ಕದಿಂದ ನಿಶ್ಚಯಿಸುತ್ತಾರೆ. ಅಂದು ಮೂವತ್ತು ಆಳುಗಳು ಓಡಿ ಕೇಳಿದ ಪ್ರಶ್ನೆಯೇ ಇದು. ಉತ್ತರವನ್ನು ಅಂಕೆಗಳಲ್ಲಿ ಹೇಳುವ ವಿದ್ಯೆಯು ಈಗ ಬಂದಿದೆ. ಅಂಕೆಯು ಅಶುಭವಾಗಿದ್ದರೆ ಅದನ್ನು ಒಡೆಯನ ಮುಂದೆ ಓದಿಹೇಳುವ ಕೆಲಸವು ಮಾತ್ರ ಇಂದಿಗೂ ಮನುಷ್ಯನದೇ ಆಗಿದೆ.